ಒಂದೇ ಕಂಪನಿ, ಒಂದಕ್ಕೊಂದು ಹೊಂದದ ಮಾತುಗಳು: ಉದ್ಯೋಗಿಗಳ ಅಭಿಪ್ರಾಯವನ್ನು ಹೇಗೆ ಓದಬೇಕು?

ಪ್ರಶ್ನೆ: ಆರು ವರ್ಷಗಳಿಂದ ಚಿಕ್ಕ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಎಂಜಿನಿಯರ್ ಆಗಿ ದುಡಿಯುತ್ತಿದ್ದೇನೆ. ಈಗ ಸಾವಿರಾರು ನೌಕರರಿರುವ ದೊಡ್ಡ ತಂತ್ರಜ್ಞಾನ ಕಂಪನಿಯೊಂದರಿಂದ ಆಫರ್ ಬಂದಿದೆ. ಅಲ್ಲಿ ಕೆಲಸ ಮಾಡುವವರ ಅಭಿಪ್ರಾಯಗಳನ್ನು ಓದಿದಷ್ಟೂ ಗೊಂದಲ ಹೆಚ್ಚಾಗುತ್ತಿದೆ. ಒಬ್ಬರು ‘ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು’ ಎಂದರೆ ಇನ್ನೊಬ್ಬರು ‘ಮನುಷ್ಯರನ್ನು ಹಿಂಡಿ ಬಿಸಾಡುತ್ತಾರೆ’ ಎನ್ನುತ್ತಾರೆ. ನೇಮಕಾತಿ ವಿಭಾಗದವರನ್ನು ಕೇಳಿದರೆ, ತಮ್ಮ ಆಂತರಿಕ ಸಮೀಕ್ಷೆಯಲ್ಲಿ ಬಹುಪಾಲು ನೌಕರರು ತೃಪ್ತರಾಗಿರುವುದು ಕಂಡುಬಂದಿದೆ ಎಂಬ ಉತ್ತರ ಬಂತು. ಯಾರನ್ನು ನಂಬಬೇಕು? ಕೆಲಸದ ಪರಿಸ್ಥಿತಿಯ ಬಗ್ಗೆ ನಾನೇ ನೇರವಾಗಿ ಕೇಳಿದರೆ ತಪ್ಪಾಗುತ್ತದೆಯೇ?

ಉತ್ತರ: ನೀವು ಓದಿದ ಎರಡು ಮಾತುಗಳಲ್ಲಿ ಒಂದು ಸುಳ್ಳಿರಲೇಬೇಕು ಎಂದುಕೊಂಡು ಹೊರಟರೆ ಈ ಗೊಂದಲ ಕೊನೆಗಾಣುವುದಿಲ್ಲ, ಎರಡೂ ನಿಜವಾಗಿರುವ ಸಾಧ್ಯತೆಯೇ ಹೆಚ್ಚು. ಉದ್ಯೋಗಿ ಸಮೀಕ್ಷೆಗಳನ್ನು ರೂಪಿಸುವುದು ಮತ್ತು ಕೆಲಸ ಬಿಟ್ಟು ಹೊರಟವರೊಡನೆ ಕೊನೆಯ ಸಂದರ್ಶನ ನಡೆಸುವುದು ನನ್ನ ವೃತ್ತಿ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕೆಂಬ ಮಾತು ದೊಡ್ಡ ಕಂಪನಿಗಳ ವಿಷಯದಲ್ಲಿ ನಡೆಯುವುದಿಲ್ಲ ಎಂಬುದು ಈ ವೃತ್ತಿ ನನಗೆ ಕಲಿಸಿದ ಮೊದಲ ಪಾಠ. ಹೊರಗೆ ಒಂದೇ ಹೆಸರಿನ ಫಲಕವಿದ್ದರೂ ಒಳಗೆ ನೂರಾರು ಒಲೆಗಳ ಮೇಲೆ ನೂರಾರು ಪಾತ್ರೆಗಳು ಬೇರೆ ಬೇರೆ ಉರಿಯಲ್ಲಿ ಬೇಯುತ್ತಿರುತ್ತವೆ. ಹಾಗಾಗಿ ಯಾರನ್ನು ನಂಬಬೇಕು ಎಂದು ಯೋಚಿಸುವ ಮೊದಲು, ಈ ಮಾತನ್ನು ಯಾವ ತಂಡದಲ್ಲಿ, ಯಾವ ಹುದ್ದೆಯಲ್ಲಿ, ವರ್ಷದ ಯಾವ ತಿಂಗಳಿನಲ್ಲಿ ಕುಳಿತವರು ಹೇಳುತ್ತಿದ್ದಾರೆ ಎಂದು ಕೇಳಿಕೊಳ್ಳಿ. ನಿಮ್ಮ ಮುಂದಿರುವ ಅಭಿಪ್ರಾಯಗಳ ರಾಶಿ ಆಗ ತಾನಾಗಿಯೇ ವಿಂಗಡವಾಗತೊಡಗುತ್ತದೆ.

ಇದಕ್ಕೆ ಬಹಳ ಚರ್ಚೆಯಾದ ಉದಾಹರಣೆಯೊಂದಿದೆ. 2015ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಅಮೆಜಾನ್‌ನ ನೂರಕ್ಕೂ ಹೆಚ್ಚು ಹಾಲಿ ಮತ್ತು ಮಾಜಿ ನೌಕರರನ್ನು ಮಾತನಾಡಿಸಿ, ಅಲ್ಲಿನ ಕಚೇರಿ ಕೆಲಸದ ಬಗ್ಗೆ ಸುದೀರ್ಘ ವರದಿಯೊಂದನ್ನು ಪ್ರಕಟಿಸಿತು. ನಡುರಾತ್ರಿ ಕಳೆದ ಮೇಲೆ ಬರುವ ಇಮೇಲ್‌ಗಳು, ಕಾಯಿಲೆ ಬಿದ್ದವರಿಗೂ ಮನೆಯಲ್ಲಿ ಸಂಕಟವಿದ್ದವರಿಗೂ ರಿಯಾಯಿತಿ ತೋರದ ಮೌಲ್ಯಮಾಪನ, ಇವೆಲ್ಲ ಅದರಲ್ಲಿದ್ದವು. ವರದಿ ಬಂದೊಡನೆ ಕಂಪನಿಯ ಆಗಿನ ಮುಖ್ಯಸ್ಥ ಜೆಫ್ ಬೆಜೋಸ್ ನೌಕರರಿಗೆ ಪತ್ರ ಬರೆದು, ತಾವು ಬಲ್ಲ ಅಮೆಜಾನ್ ಇದಲ್ಲ ಎಂದರು. ಅಲ್ಲಿನ ಎಂಜಿನಿಯರ್ ಒಬ್ಬರು ತಮ್ಮ ಅನುಭವವೇ ಬೇರೆ ಎಂದು ವಿವರವಾಗಿ ಬರೆದು ವರದಿಯನ್ನು ಅಲ್ಲಗಳೆದರು. ಓದುಗರು ಒಂದೋ ಪತ್ರಿಕೆಯ ಪಕ್ಷ ವಹಿಸಿದರು, ಇಲ್ಲವೇ ಕಂಪನಿಯ ಪಕ್ಷ. ನನ್ನಂತಹವರಿಗೆ ಅದರಲ್ಲಿ ವಿರೋಧವೇ ಕಾಣಲಿಲ್ಲ. ಅಷ್ಟು ದೊಡ್ಡ ಸಂಸ್ಥೆಯಲ್ಲಿ ಕಣ್ಣೀರಿಟ್ಟ ನೂರು ಜನರೂ ಸಿಗುತ್ತಾರೆ, ಒಮ್ಮೆಯೂ ಅಂಥದ್ದನ್ನು ನೋಡದ ನೂರು ಜನರೂ ಸಿಗುತ್ತಾರೆ, ಮತ್ತು ಇಬ್ಬರೂ ಒಂದೇ ಮಹಡಿಯಲ್ಲಿ ಕೂರುತ್ತಿರಬಹುದು.

ಒಂದೇ ಮಹಡಿ ಎಂಬ ಮಾತನ್ನು ಸುಮ್ಮನೆ ಹೇಳಲಿಲ್ಲ. ಒಮ್ಮೆ ಒಂದು ಕಂಪನಿಯಲ್ಲಿ ಅಕ್ಕಪಕ್ಕ ಕೂರುವ ಎರಡು ತಂಡಗಳ ಆನ್‌ಕಾಲ್ ಪಾಳಿಯನ್ನು ಹತ್ತಿರದಿಂದ ನೋಡುವ ಸಂದರ್ಭ ಬಂದಿತ್ತು. ಕಂಪನಿಯ ನಿಯಮ ಒಂದೇ ಸಾಲಿನದು: ಪ್ರತಿಯೊಂದು ಸೇವೆಗೂ ದಿನದ ಇಪ್ಪತ್ನಾಲ್ಕು ಗಂಟೆ ಒಬ್ಬ ಎಂಜಿನಿಯರ್ ಕರೆಗೆ ಸಿಗಬೇಕು. ಮೊದಲ ತಂಡದಲ್ಲಿ ಎಂಟು ಜನರಿದ್ದರು. ಎಂಟು ವಾರಕ್ಕೊಮ್ಮೆ ಸರದಿ, ಅದರಲ್ಲೂ ರಾತ್ರಿ ಫೋನ್ ಬಡಿದುಕೊಳ್ಳುವುದು ಅಪರೂಪ. ಎರಡನೆಯ ತಂಡದಲ್ಲಿ ಉಳಿದಿದ್ದವರು ನಾಲ್ವರು. ಅವರಲ್ಲೊಬ್ಬ ಎಂಜಿನಿಯರ್ ತಮ್ಮ ಸರದಿಯ ವಾರದಲ್ಲಿ ಎದ್ದ ಹೊತ್ತನ್ನೆಲ್ಲ ದಿಂಬಿನ ಪಕ್ಕದ ಚಿಕ್ಕ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಒಂದು ರಾತ್ರಿಯ ಪುಟದಲ್ಲಿ 12.50, 2.40, 4.15 ಎಂದಿತ್ತು. ಮೂರು ಸಲವೂ ಬಂದದ್ದು ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುವ, ಕಂಪ್ಯೂಟರ್ ವ್ಯವಸ್ಥೆ ಕಳಿಸುವ ಒಂದೇ ಎಚ್ಚರಿಕೆ. ಅದನ್ನು ಸರಿಪಡಿಸಲು ಎರಡು ವಾರ ಸಮಯ ಕೊಡಿ ಎಂದು ಅವರು ಕೇಳಿದ್ದರು. ಮೊದಲು ಹೊಸ ಫೀಚರ್ ಮುಗಿಯಲಿ ಎಂಬ ಉತ್ತರ ಸಿಕ್ಕಿತ್ತು. ಬೆಳಗಿನ ಒಂಬತ್ತೂವರೆಯ ಸಭೆಗೆ ಎಲ್ಲರಂತೆ ಅವರೂ ಹಾಜರಾಗಬೇಕಿತ್ತು. ಆ ವರ್ಷದ ಸಮೀಕ್ಷೆಯಲ್ಲಿ ‘ನನ್ನ ಕೆಲಸದ ಹೊರೆ ನಿಭಾಯಿಸುವಂತಿದೆ’ ಎಂಬ ಹೇಳಿಕೆಗೆ ಮೊದಲ ತಂಡ ‘ಹೌದು’ ಎಂದಿತು, ಎರಡನೆಯದು ‘ಖಂಡಿತ ಇಲ್ಲ’ ಎಂದಿತು, ಎರಡನ್ನೂ ಸೇರಿಸಿ ತಯಾರಾದ ವರದಿಯಲ್ಲಿ ‘ಸಾಧಾರಣ’ ಎಂದು ಬಂತು. ಸಾಧಾರಣವಾಗಿದ್ದವರು ಅಲ್ಲಿ ಒಬ್ಬರೂ ಇರಲಿಲ್ಲ.

ಕಂಪನಿಗಳಿಗೂ ಇದು ತಿಳಿದಿದೆ. ಮ್ಯಾನೇಜರ್‌ಗಳು ನಿಜಕ್ಕೂ ಅಗತ್ಯವೇ ಎಂಬ ಅನುಮಾನದಿಂದಲೇ ಗೂಗಲ್ 2008ರ ಸುಮಾರಿಗೆ ‘ಪ್ರಾಜೆಕ್ಟ್ ಆಕ್ಸಿಜನ್’ ಎಂಬ ಆಂತರಿಕ ಅಧ್ಯಯನವನ್ನು ಆರಂಭಿಸಿತು. ಒಳ್ಳೆಯ ಮ್ಯಾನೇಜರ್‌ನ ಕೈಕೆಳಗಿನವರು ಹೆಚ್ಚು ಸಂತೃಪ್ತರು, ಅವರು ಕೆಲಸ ಬಿಡುವುದೂ ಕಡಿಮೆ ಎಂದು ಅದರಿಂದ ತಿಳಿದುಬಂತು. ಒಳ್ಳೆಯ ಮ್ಯಾನೇಜರ್‌ನ ಎಂಟು ಗುಣಗಳನ್ನು ಪಟ್ಟಿ ಮಾಡಿದಾಗ, ಎಂಜಿನಿಯರ್‌ಗಳದ್ದೇ ರಾಜ್ಯವಾದ ಆ ಕಂಪನಿಯಲ್ಲಿ ತಾಂತ್ರಿಕ ಪರಿಣತಿ ಎಂಟನೆಯ ಸ್ಥಾನದಲ್ಲಿತ್ತು. ಮೊದಲ ಸ್ಥಾನದಲ್ಲಿದ್ದದ್ದು ಒಳ್ಳೆಯ ಮಾರ್ಗದರ್ಶಕನಾಗಿರುವುದು. ನಾಲ್ಕು ವರ್ಷಗಳ ಬಳಿಕ ಅದೇ ಕಂಪನಿ ಸುಮಾರು 180 ತಂಡಗಳನ್ನು ಅಧ್ಯಯನ ಮಾಡಿದಾಗ, ತಂಡದ ಯಶಸ್ಸಿಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ತಪ್ಪೊಪ್ಪಿಕೊಂಡರೆ, ಪ್ರಶ್ನೆ ಕೇಳಿದರೆ ಅವಮಾನವಾಗುವುದಿಲ್ಲ ಎಂಬ ಭರವಸೆ. ಆದ್ದರಿಂದ ನೀವು ಸೇರಲಿರುವ ತಂಡದ ಮ್ಯಾನೇಜರ್ ಯಾರು ಎಂಬುದು ಕಂಪನಿಯ ಒಟ್ಟಾರೆ ರೇಟಿಂಗ್‌ಗಿಂತ ನಿಮ್ಮ ದಿನಚರಿಯನ್ನು ಹೆಚ್ಚು ನಿರ್ಧರಿಸುತ್ತದೆ.

ಇನ್ನು ರೇಟಿಂಗ್‌ಗಳ ವಿಚಾರ. ಗ್ಲಾಸ್‌ಡೋರ್‌ನಂತಹ ತಾಣಗಳಲ್ಲಿ ಯಾರೂ ಒತ್ತಾಯಿಸದೆ ತಾವಾಗಿಯೇ ಬರೆಯಲು ಮುಂದಾಗುವವರು ಸಾಮಾನ್ಯವಾಗಿ ಎರಡು ತುದಿಗಳಲ್ಲಿರುವವರು: ಬಹಳ ಖುಷಿಯಾದವರು ಮತ್ತು ಬಹಳ ನೊಂದವರು. ನಡುವೆ ಇರುವವರು ಸಂಜೆಯಾದರೆ ಮನೆಗೆ ಹೋಗುತ್ತಾರೆ, ಬರೆಯುವುದಿಲ್ಲ. ಇತರರ ಅಭಿಪ್ರಾಯ ಓದಬೇಕಾದರೆ ನಿಮ್ಮದನ್ನೂ ಬರೆಯಿರಿ ಎಂಬ ಷರತ್ತು ಹಾಕಿದಾಗ ಈ ಓಲಾಟ ಕಡಿಮೆಯಾಗುತ್ತದೆ ಎಂದು ಆ ತಾಣದ ಮಾಹಿತಿಯನ್ನೇ ಬಳಸಿದ ಸಂಶೋಧನಾ ಪ್ರಬಂಧವೊಂದು 2018ರಲ್ಲಿ ತೋರಿಸಿತು. ಕಚೇರಿಯ ಇಮೇಲ್ ಮೂಲಕ ಗುರುತು ಖಚಿತಪಡಿಸಿಕೊಂಡು, ಹೆಸರಿಲ್ಲದೆ ಬರೆಯಲು ಬಿಡುವ ಬ್ಲೈಂಡ್‌ನಂತಹ ವೇದಿಕೆಗಳಲ್ಲಿ ಸ್ವರ ಇನ್ನೂ ಖಾರ. ಅಲ್ಲಿ ಒಳಗಿನ ಸುದ್ದಿ ಬೇಗ ಸಿಗುತ್ತದೆ ಎಂಬುದು ನಿಜ. ಆದರೆ ಉದ್ಯೋಗ ಕಡಿತದ ವದಂತಿ ಹಬ್ಬಿದ ವಾರದಲ್ಲಿ ಅಲ್ಲಿ ಓದಿದ್ದನ್ನು ಆ ಕಂಪನಿಯ ಸ್ಥಾಯಿ ಸ್ವಭಾವವೆಂದು ತಿಳಿಯಬಾರದು. ನಾನು ಇಂಥ ಬರಹಗಳನ್ನು ಓದುವಾಗ ವಿಶೇಷಣಗಳನ್ನು ಬಿಟ್ಟು ನಾಮಪದಗಳನ್ನು ಹುಡುಕುತ್ತೇನೆ. ‘ವಿಷಮಯ ವಾತಾವರಣ’ ಎಂಬುದರಿಂದ ನನಗೆ ಏನೂ ತಿಳಿಯುವುದಿಲ್ಲ. ‘ಒಂದೂವರೆ ವರ್ಷದಲ್ಲಿ ನನಗೆ ನಾಲ್ವರು ಮ್ಯಾನೇಜರ್‌ಗಳು ಬದಲಾದರು’ ಎಂಬ ವಾಕ್ಯದಿಂದ ಬಹಳ ತಿಳಿಯುತ್ತದೆ.

ನೇಮಕಾತಿಯವರು ಹೇಳಿದ ಆಂತರಿಕ ಸಮೀಕ್ಷೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅದು ನನ್ನ ಕಸುಬು ಮತ್ತು ಅದರ ತೂತುಗಳು ನನಗೆ ಗೊತ್ತು. ಇಂಥ ಸಮೀಕ್ಷೆಗಳಲ್ಲಿ ಉತ್ತರಿಸಿದವರ ಸಂಖ್ಯೆ ಒಂದು ಮಿತಿಗಿಂತ ಕಡಿಮೆಯಿದ್ದರೆ, ಉದಾಹರಣೆಗೆ ಐದಕ್ಕಿಂತ ಕಡಿಮೆಯಿದ್ದರೆ, ಆ ತಂಡದ ಫಲಿತಾಂಶವನ್ನು ಮ್ಯಾನೇಜರ್‌ಗೆ ತೋರಿಸುವುದಿಲ್ಲ. ಯಾರು ಏನು ಹೇಳಿದರೆಂದು ಊಹಿಸಲು ಆಗಬಾರದೆಂಬುದೇ ಉದ್ದೇಶ. ವ್ಯವಸ್ಥೆ ಒಳ್ಳೆಯದೇ. ಆದರೆ ಅಂಕಗಳಿಗೆ ಇರುವ ಈ ಪರದೆ ಬರಹಕ್ಕೆ ಅಷ್ಟಾಗಿ ಇರುವುದಿಲ್ಲ. ಕೆಲಸ ಬಿಟ್ಟು ಹೊರಟಿದ್ದ ಒಬ್ಬರು ನನಗೆ ಹೇಳಿದ್ದನ್ನು ಮರೆಯಲಾರೆ: ಸಮೀಕ್ಷೆಯ ಕೊನೆಯ ಖಾಲಿ ಚೌಕದಲ್ಲಿ ಬರೆಯುವಾಗ ತಾವು ಬೇಕೆಂದೇ ಕಾಗುಣಿತ ತಪ್ಪುತ್ತಿದ್ದರಂತೆ, ಪೂರ್ಣವಿರಾಮ ಬಿಡುತ್ತಿದ್ದರಂತೆ, ತಮ್ಮದಲ್ಲದ ನುಡಿಗಟ್ಟುಗಳನ್ನು ಸೇರಿಸುತ್ತಿದ್ದರಂತೆ, ಏಕೆಂದರೆ ದಿನವೂ ಅವರ ಇಮೇಲ್ ಓದುವ ಮ್ಯಾನೇಜರ್‌ಗೆ ಅವರ ಬರವಣಿಗೆಯ ಗುರುತು ಸಿಗುತ್ತಿತ್ತು. ಅಷ್ಟು ಎಚ್ಚರ ವಹಿಸುವವರು ಅಂಕ ಕೊಡುವಾಗಲೂ ಎಚ್ಚರ ವಹಿಸಿಯೇ ಇರುತ್ತಾರೆ. ಬೋನಸ್ ಘೋಷಣೆಯ ಮರುವಾರ ಸಮೀಕ್ಷೆ ನಡೆದರೆ ಒಂದು ಫಲಿತಾಂಶ, ಬಡ್ತಿ ಪಟ್ಟಿ ಬಂದ ಮರುವಾರ ನಡೆದರೆ ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾಗಿ, ಹೆಚ್ಚು ಅತೃಪ್ತರಾಗಿದ್ದವರು ಆ ಹೊತ್ತಿಗಾಗಲೇ ಬಿಟ್ಟು ಹೋಗಿರುತ್ತಾರೆ. ಸಮೀಕ್ಷೆ ಎಣಿಸುವುದು ಉಳಿದವರನ್ನು ಮಾತ್ರ. ಆದ್ದರಿಂದ ‘ಬಹುಪಾಲು ನೌಕರರು ತೃಪ್ತರು’ ಎಂದು ಯಾರಾದರೂ ಹೇಳಿದಾಗ, ಎಷ್ಟು ಮಂದಿ ಉತ್ತರಿಸಿದ್ದರು ಮತ್ತು ಹಿಂದಿನ ಸಮೀಕ್ಷೆಗಿಂತ ಯಾವ ಪ್ರಶ್ನೆಯ ಅಂಕ ಇಳಿದಿದೆ ಎಂದು ಕೇಳುವುದು ನ್ಯಾಯ.

ಉದ್ಯೋಗಿಗಳು ದೂರುವ ವಸ್ತುವೂ ಅವರ ನಿಜವಾದ ಬೇಗುದಿಯೂ ಒಂದೇ ಆಗಿರಬೇಕೆಂದಿಲ್ಲ ಎಂಬುದು ಸುಮಾರು ನೂರು ವರ್ಷಗಳ ಹಿಂದೆಯೇ ತಿಳಿದ ಸಂಗತಿ. ಶಿಕಾಗೊ ಬಳಿಯ ಹಾಥಾರ್ನ್‌ನಲ್ಲಿ ದೂರವಾಣಿ ಉಪಕರಣಗಳನ್ನು ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ, ಅಂದರೆ ಆ ಕಾಲದ ದೊಡ್ಡ ತಂತ್ರಜ್ಞಾನ ಕಂಪನಿಯೊಂದು, 1928ರಿಂದ 1930ರವರೆಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಸಂದರ್ಶನ ನಡೆಸಿತು. ಆರಂಭದಲ್ಲಿ ಸಿದ್ಧ ಪ್ರಶ್ನೆಗಳನ್ನು ಕೇಳುತ್ತಿದ್ದ ಸಂದರ್ಶಕರು ಕ್ರಮೇಣ ಅವನ್ನು ಬದಿಗಿಟ್ಟು, ಕಾರ್ಮಿಕರು ಹೇಳಬೇಕೆಂದದ್ದನ್ನು ಹೇಳಲು ಬಿಟ್ಟರು, ಏಕೆಂದರೆ ಏನು ಕೇಳಿದರೂ ಮಾತು ಅವರ ಮನಸ್ಸಿನಲ್ಲಿದ್ದ ಕಡೆಗೇ ಹೊರಳುತ್ತಿತ್ತು. ಇಂದಿಗೂ ಹಾಗೆಯೇ. ಕುರ್ಚಿ, ಎಸಿ, ಸಭಾ ಕೊಠಡಿಗಳ ಅಭಾವದ ಬಗ್ಗೆ ಪುಟಗಟ್ಟಲೆ ದೂರು ಬರೆದ ತಂಡವೊಂದನ್ನು ಕೂಡಿಸಿ ಮಾತನಾಡಿಸಿದಾಗ, ಅವರ ಎರಡು ವರ್ಷಗಳ ಯೋಜನೆಯನ್ನು ಕಾರಣ ಹೇಳದೆ ಕೈಬಿಟ್ಟಿದ್ದ ಸಂಗತಿ ಹೊರಬಂತು. ಕುರ್ಚಿಗಳು ಚೆನ್ನಾಗಿಯೇ ಇದ್ದವು.

ದೊಡ್ಡ ಕಂಪನಿಗಳ ಸೌಲಭ್ಯಗಳ ಹೊಗಳಿಕೆಯನ್ನು ಓದುವಾಗಲೂ ಒಂದು ಹಳೆಯ ಅಧ್ಯಯನ ನೆರವಿಗೆ ಬರುತ್ತದೆ. ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಅವರ ಸಂಗಡಿಗರು ಪಿಟ್ಸ್‌ಬರ್ಗ್ ಸುತ್ತಲಿನ ಸುಮಾರು 200 ಎಂಜಿನಿಯರ್ ಮತ್ತು ಲೆಕ್ಕಿಗರನ್ನು, ಕೆಲಸದಲ್ಲಿ ತೀರ ಒಳ್ಳೆಯದೆನಿಸಿದ ಮತ್ತು ತೀರ ಕೆಟ್ಟದೆನಿಸಿದ ಸಂದರ್ಭಗಳನ್ನು ವಿವರಿಸುವಂತೆ ಕೇಳಿ, 1959ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಂಬಳ, ಕಚೇರಿಯ ಸೌಕರ್ಯ, ಕಂಪನಿಯ ನೀತಿ, ಮೇಲ್ವಿಚಾರಣೆ ಕೆಟ್ಟದಾಗಿದ್ದರೆ ಅತೃಪ್ತಿ ಹುಟ್ಟುತ್ತದೆ, ಆದರೆ ಅವು ಚೆನ್ನಾಗಿವೆ ಎಂಬ ಮಾತ್ರಕ್ಕೆ ತೃಪ್ತಿ ಹುಟ್ಟುವುದಿಲ್ಲ. ತೃಪ್ತಿ ಬರುವುದು ಸಾಧನೆ, ಮನ್ನಣೆ, ಹೊಣೆಗಾರಿಕೆ ಮತ್ತು ಕೆಲಸದ ಸ್ವರೂಪದಿಂದ ಎಂದು ಅವರು ವಾದಿಸಿದರು. ಈ ಸಿದ್ಧಾಂತಕ್ಕೆ ಟೀಕೆಗಳಿವೆ, ಅದನ್ನು ಅಕ್ಷರಶಃ ಒಪ್ಪಬೇಕಿಲ್ಲ. ಆದರೂ ‘ಉಚಿತ ಊಟ, ಜಿಮ್, ಬಸ್ಸು ಎಲ್ಲ ಇದೆ, ಆದರೂ ಬೇಸರ’ ಎಂಬ ಬರಹಗಳು ಏಕೆ ಅಷ್ಟೊಂದು ಕಾಣುತ್ತವೆ ಎಂಬುದನ್ನು ಇದರಷ್ಟು ಸರಳವಾಗಿ ಬೇರಾವುದೂ ವಿವರಿಸಿದ್ದನ್ನು ನಾನು ಕಂಡಿಲ್ಲ.

ಕೆಲಸದ ಗಂಟೆಗಳ ಪ್ರಶ್ನೆ ಗಂಭೀರವಾದದ್ದು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಅಥವಾ ಅದಕ್ಕೂ ಹೆಚ್ಚು ಗಂಟೆ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು, ಹೃದಯದ ರಕ್ತನಾಳಗಳ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ತಿಳಿಸಿದವು. ಹಾಗಿದ್ದರೂ, ಒಂದೇ ರೀತಿ ಹೆಚ್ಚು ಗಂಟೆ ದುಡಿದ ಇಬ್ಬರಲ್ಲಿ ಒಬ್ಬರು ಅದನ್ನು ಸಾಹಸವೆಂದೂ ಮತ್ತೊಬ್ಬರು ಶೋಷಣೆಯೆಂದೂ ಬಣ್ಣಿಸುವುದನ್ನು ನೀವು ನೋಡುತ್ತೀರಿ. ಇದರ ಒಂದು ಕೀಲಿಕೈಯನ್ನು ಕೆಲಸದ ಒತ್ತಡದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ಕೊಟ್ಟಿದ್ದಾರೆ: ಕೆಲಸದ ಬೇಡಿಕೆ ಹೆಚ್ಚಿದ್ದು, ಅದನ್ನು ಹೇಗೆ ಮಾಡಬೇಕೆಂಬ ಸ್ವಾತಂತ್ರ್ಯ ಕಡಿಮೆಯಿದ್ದಾಗ ಒತ್ತಡ ತೀವ್ರವಾಗುತ್ತದೆ. ಮೇಲೆ ಹೇಳಿದ ಎಂಜಿನಿಯರ್ ರಾತ್ರಿ ಮೂರು ಬಾರಿ ಎದ್ದದ್ದಕ್ಕಿಂತ, ಆ ಎಚ್ಚರಿಕೆಯನ್ನು ಸರಿಪಡಿಸುವ ಅಧಿಕಾರ ತಮಗಿಲ್ಲವೆಂಬುದಕ್ಕೆ ಹೆಚ್ಚು ನೊಂದಿದ್ದರು. ಹಾಗಾಗಿ ‘ಕೆಲಸ ಹೆಚ್ಚು’ ಎಂಬ ದೂರನ್ನು ಕಂಡಾಗ, ಅದರ ಜೊತೆಗೆ ‘ನಮ್ಮನ್ನು ಕೇಳುವುದಿಲ್ಲ’ ಎಂಬುದೂ ಇದೆಯೇ ನೋಡಿ. ಎರಡೂ ಒಟ್ಟಿಗೆ ಪದೇ ಪದೇ ಬಂದರೆ ಎಚ್ಚರ ವಹಿಸಬೇಕು.

ನನ್ನ ಅನುಭವದಲ್ಲಿ, ಸಂಬಳ ಚೆನ್ನಾಗಿರುವ ದೊಡ್ಡ ಕಂಪನಿಗಳಲ್ಲಿ ಅತಿ ಹೆಚ್ಚು ಕಹಿ ಹುಟ್ಟುವುದು ಮೌಲ್ಯಮಾಪನದಿಂದ. ನೌಕರರನ್ನು ಒಬ್ಬರ ಪಕ್ಕ ಒಬ್ಬರನ್ನಿಟ್ಟು ಸಾಲುಗಟ್ಟಿಸಿ, ಇಂತಿಷ್ಟು ಮಂದಿ ಮೇಲಿನವರು, ಇಂತಿಷ್ಟು ಮಂದಿ ಕೆಳಗಿನವರು ಎಂದು ಮೊದಲೇ ನಿಗದಿಪಡಿಸುವ ಪದ್ಧತಿ ಜನರಲ್ ಎಲೆಕ್ಟ್ರಿಕ್‌ನ ಜ್ಯಾಕ್ ವೆಲ್ಚ್ ಅವರ ಕಾಲದಲ್ಲಿ ಹೆಸರಾಯಿತು. ಮೈಕ್ರೋಸಾಫ್ಟ್ ಇಂತಹುದೇ ಪದ್ಧತಿಯನ್ನು ವರ್ಷಗಳ ಕಾಲ ಅನುಸರಿಸಿ, 2013ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಇದರ ತೊಡಕು ಸರಳ. ಹತ್ತು ಜನರ ಒಳ್ಳೆಯ ತಂಡದಲ್ಲೂ ಯಾರಾದರೂ ಒಬ್ಬರು ‘ಕಳಪೆ’ ಆಗಲೇಬೇಕೆಂದರೆ, ಪಕ್ಕದವರಿಗೆ ನೆರವಾಗುವುದು ತನ್ನ ಕುತ್ತಿಗೆಗೇ ಕುತ್ತು. ಸಮರ್ಥರು ಸಮರ್ಥರ ತಂಡಕ್ಕೆ ಸೇರಲು ಹಿಂಜರಿಯುತ್ತಾರೆ. ಕೆಲವೆಡೆ ಮ್ಯಾನೇಜರ್‌ಗಳು ಕೆಳಗಿನ ಸ್ಥಾನ ತುಂಬಿಸಲೆಂದೇ ಹೊಸಬರನ್ನು ನೇಮಿಸಿಕೊಳ್ಳುತ್ತಾರೆ ಎಂಬ ದೂರನ್ನೂ ಕೇಳಿದ್ದೇನೆ. ಹೆಸರು ಬದಲಾದರೂ ಈ ಪದ್ಧತಿಯ ನೆರಳು ಹಲವು ಕಡೆ ಉಳಿದಿದೆ. ಫೇಸ್‌ಬುಕ್‌ನ ಒಡೆತನ ಹೊಂದಿರುವ ಮೆಟಾ 2025ರ ಜನವರಿಯಲ್ಲಿ ಕಡಿಮೆ ಸಾಧನೆಯವರೆಂದು ಗುರುತಿಸಿ ಸುಮಾರು ಶೇ 5ರಷ್ಟು ನೌಕರರನ್ನು ತೆಗೆಯುವುದಾಗಿ ಪ್ರಕಟಿಸಿದಾಗ, ಹೊರಹೋಗುವವರಿಗೆ ಕೆಲಸ ಮಾತ್ರವಲ್ಲ, ಮಾರುಕಟ್ಟೆಯಲ್ಲಿ ಹೆಸರೂ ಹೋಯಿತು ಎಂಬ ಆತಂಕ ಕೇಳಿಬಂದದ್ದು ಇದೇ ಕಾರಣಕ್ಕೆ. ದಣಿವಿನ ಸಂಶೋಧನೆಗೆ ಹೆಸರಾದ ಕ್ರಿಸ್ಟಿನಾ ಮಸ್ಲಾಕ್ ಅವರು ಕೆಲಸದ ಹೊರೆಯ ಜೊತೆಗೆ ನಿಯಂತ್ರಣ, ಪ್ರತಿಫಲ, ಸಹೋದ್ಯೋಗಿಗಳ ಬಳಗ, ನ್ಯಾಯ ಮತ್ತು ಮೌಲ್ಯಗಳನ್ನೂ ಬರ್ನ್‌ಔಟ್‌ನ ಮೂಲಗಳೆಂದು ಎಣಿಸುತ್ತಾರೆ. ಅವುಗಳಲ್ಲಿ ‘ನ್ಯಾಯ’ವನ್ನು ನಾನು ಒಂದು ಮೆಟ್ಟಿಲು ಮೇಲಿಡುತ್ತೇನೆ. ರಾತ್ರಿಗಳನ್ನು ಕಳೆದುಕೊಂಡವರು ಆ ಯೋಜನೆಯ ಬಗ್ಗೆ ವರ್ಷಗಳ ನಂತರ ನಗುತ್ತ ಮಾತನಾಡಿದ್ದನ್ನು ಕೇಳಿದ್ದೇನೆ. ಕಾರಣ ತಿಳಿಸದೆ ಕೆಳಗಿನ ರೇಟಿಂಗ್ ಪಡೆದವರು ಹಾಗೆ ಮಾತನಾಡಿದ್ದನ್ನು ಕೇಳಿಲ್ಲ.

2022ರ ಕೊನೆಯ ತಿಂಗಳುಗಳ ನಂತರ ಬರೆದ ಅಭಿಪ್ರಾಯಗಳನ್ನು ಅದಕ್ಕೂ ಹಿಂದಿನವುಗಳೊಂದಿಗೆ ಬೆರೆಸಿ ಓದಬೇಡಿ. ಮೆಟಾ ಆ ನವೆಂಬರ್‌ನಲ್ಲಿ 11,000 ಮಂದಿಯನ್ನೂ, 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ 10,000 ಮತ್ತು ಗೂಗಲ್ 12,000 ಮಂದಿಯನ್ನೂ ತೆಗೆಯುವುದಾಗಿ ಪ್ರಕಟಿಸಿದವು. ಸಂಖ್ಯೆಗಿಂತ ಹೆಚ್ಚು ನೋವು ಕೊಟ್ಟದ್ದು ರೀತಿ: ಬೆಳಿಗ್ಗೆ ಲಾಗಿನ್ ಆಗದಿದ್ದಾಗಲೇ ಕೆಲಸ ಹೋದದ್ದು ಗೊತ್ತಾಯಿತು ಎಂದು ಬರೆದವರಿದ್ದಾರೆ. ಉಳಿದವರ ಮೇಲೂ ಇದರ ಪರಿಣಾಮ ದೀರ್ಘವಾದದ್ದು, ಏಕೆಂದರೆ ದೊಡ್ಡ ಕಂಪನಿಯೆಂದರೆ ಭದ್ರತೆ ಎಂಬ ಲೆಕ್ಕದಲ್ಲೇ ಅನೇಕರು ಚಿಕ್ಕ ಸಂಸ್ಥೆಗಳನ್ನು ಬಿಟ್ಟು ಬಂದಿದ್ದರು. ನಿಮ್ಮ ಮನಸ್ಸಿನಲ್ಲೂ ಆ ಲೆಕ್ಕವಿದ್ದರೆ ಈಗಲೇ ತಿದ್ದಿಕೊಳ್ಳುವುದು ಒಳಿತು.

ನೀವು ಓದುತ್ತಿರುವ ಅಭಿಪ್ರಾಯಗಳಲ್ಲಿ ಯಾರ ದನಿ ಇಲ್ಲ ಎಂಬುದನ್ನೂ ಗಮನಿಸಿ. 2019ರ ಮಾರ್ಚ್‌ನಲ್ಲಿ ಗೂಗಲ್‌ಗಾಗಿ ದುಡಿಯುತ್ತಿದ್ದ ತಾತ್ಕಾಲಿಕ ಮತ್ತು ಗುತ್ತಿಗೆ ಕೆಲಸಗಾರರು ಸುಮಾರು 1,21,000, ಕಾಯಂ ನೌಕರರು 1,02,000 ಎಂದು ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತ್ತು. ಒಂದೇ ಕಟ್ಟಡದಲ್ಲಿದ್ದರೂ ಅವರ ಗುರುತಿನ ಚೀಟಿಯ ಬಣ್ಣ ಬೇರೆ; ರಜೆ, ವಿಮೆ, ಷೇರುಗಳ ಲೆಕ್ಕವೂ ಬೇರೆ. ಫೇಸ್‌ಬುಕ್‌ನ ಭೀಕರ ದೃಶ್ಯಗಳನ್ನು ದಿನವಿಡೀ ನೋಡಿ ಸೋಸುತ್ತಿದ್ದ ಗುತ್ತಿಗೆ ಕೆಲಸಗಾರರು ಮಾನಸಿಕ ಆಘಾತದ ಕಾರಣಕ್ಕೆ ಹೂಡಿದ್ದ ಮೊಕದ್ದಮೆಯಲ್ಲಿ ಕಂಪನಿ 2020ರ ಮೇ ತಿಂಗಳಲ್ಲಿ 5.2 ಕೋಟಿ ಡಾಲರ್ ಕೊಡಲು ಒಪ್ಪಿತು. ನಿಮ್ಮ ಆಫರ್ ಕಾಯಂ ಹುದ್ದೆಯದೋ ಮಧ್ಯವರ್ತಿ ಸಂಸ್ಥೆಯ ಮೂಲಕವೋ ಎಂದು ನೀವು ತಿಳಿಸಿಲ್ಲ. ಎರಡನೆಯದಾದರೆ ಈವರೆಗೆ ನೀವು ಓದಿರುವುದೆಲ್ಲ ಬೇರೆಯವರ ಕೆಲಸದ ಬಗ್ಗೆ.

ಕಚೇರಿಗೆ ಎಷ್ಟು ದಿನ ಬರಬೇಕೆಂಬ ಜಗಳದಲ್ಲಿ ಅಭಿಪ್ರಾಯಗಳು ಬಹಳ. ಕಟ್ಟುನಿಟ್ಟಾದ ಪ್ರಯೋಗಗಳು ವಿರಳ. ಅಂಥ ವಿರಳ ಪ್ರಯೋಗಗಳಲ್ಲೊಂದು ಟ್ರಿಪ್‌ಡಾಟ್‌ಕಾಮ್ ಎಂಬ ಚೀನಾದ ದೊಡ್ಡ ಪ್ರವಾಸ ತಂತ್ರಜ್ಞಾನ ಕಂಪನಿಯಲ್ಲಿ 1,612 ನೌಕರರ ಮೇಲೆ ನಡೆದು 2024ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಲು ಬಿಟ್ಟ ಗುಂಪಿನಲ್ಲಿ ಕೆಲಸ ಬಿಡುವವರ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಇಳಿಯಿತು, ಮೌಲ್ಯಮಾಪನ ಮತ್ತು ಬಡ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗಕ್ಕೆ ಮುನ್ನ ಉತ್ಪಾದಕತೆ ಕುಗ್ಗುತ್ತದೆ ಎಂದಿದ್ದ ಮ್ಯಾನೇಜರ್‌ಗಳು ಪ್ರಯೋಗ ಮುಗಿದ ಮೇಲೆ ಅಭಿಪ್ರಾಯ ಬದಲಿಸಿಕೊಂಡಿದ್ದರು. ಆದರೆ ಕಂಪನಿಗಳು ಇಂಥ ನಿರ್ಧಾರಗಳನ್ನು ಸಂಶೋಧನೆ ನೋಡಿಯೇ ತೆಗೆದುಕೊಳ್ಳುತ್ತವೆ ಎಂದೇನಿಲ್ಲ. ಅಮೆಜಾನ್ 2024ರ ಸೆಪ್ಟೆಂಬರ್‌ನಲ್ಲಿ, ಮರುವರ್ಷದ ಜನವರಿಯಿಂದ ವಾರಕ್ಕೆ ಐದು ದಿನವೂ ಕಚೇರಿಗೆ ಬರಬೇಕೆಂದು ಹೇಳಿತು. ಇಂದಿನ ನಿಯಮ ನಾಳೆ ಇರುತ್ತದೆ ಎಂದುಕೊಂಡು ಮನೆ ಬದಲಿಸಿದವರ ದೂರುಗಳು ಈ ವಿಷಯದಲ್ಲಿ ಬಹಳ ಸಿಗುತ್ತವೆ.

ಸಂಬಳದ ಹೊಗಳಿಕೆಯ ಬಗ್ಗೆ ಒಂದೇ ಮಾತು. ದೊಡ್ಡ ತಂತ್ರಜ್ಞಾನ ಕಂಪನಿಗಳಲ್ಲಿ ಪ್ರತಿಫಲದ ಒಂದು ದೊಡ್ಡ ಪಾಲು ಷೇರುಗಳ ರೂಪದಲ್ಲಿರುತ್ತದೆ ಮತ್ತು ಅದು ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಕಂತುಕಂತಾಗಿ ಕೈಸೇರುತ್ತದೆ. ಅಮೆಜಾನ್ ಬಹುಕಾಲ ಅನುಸರಿಸಿದ ಕ್ರಮದಲ್ಲಿ ಮೊದಲ ವರ್ಷ ಶೇ 5, ಎರಡನೆಯ ವರ್ಷ ಶೇ 15, ಉಳಿದ ಎರಡು ವರ್ಷಗಳಲ್ಲಿ ತಲಾ ಶೇ 40 ಸಿಗುತ್ತಿತ್ತು. ‘ಕೆಲಸ ಕಷ್ಟ, ಆದರೂ ಬಿಡಲಾಗುತ್ತಿಲ್ಲ’ ಎಂಬ ಮಾತನ್ನು ಎರಡನೆಯ ವರ್ಷದ ಕೊನೆಯಲ್ಲಿರುವವರು ಹೇಳಿದರೆ ಅದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಚಿನ್ನದ ಪಂಜರದಲ್ಲಿರುವವರು ಕೊಟ್ಟ ನಾಲ್ಕು ನಕ್ಷತ್ರಗಳಲ್ಲಿ ಎಷ್ಟು ಚಿನ್ನಕ್ಕೆ, ಎಷ್ಟು ಕೆಲಸಕ್ಕೆ ಎಂದು ಬಿಡಿಸಿ ನೋಡಬೇಕು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಕೇಳುವುದು ತಪ್ಪಲ್ಲ, ಆಫರ್ ಬಂದು, ನೀವಿನ್ನೂ ಒಪ್ಪದಿರುವ ಈ ಕೆಲವು ದಿನಗಳೇ ಕೇಳಲು ಅತ್ಯಂತ ಅನುಕೂಲವಾದ ಕಾಲ. ನೇಮಕಾತಿ ವಿಭಾಗವನ್ನು ಬಿಟ್ಟು, ನೀವು ವರದಿ ಮಾಡಿಕೊಳ್ಳಬೇಕಾದ ಮ್ಯಾನೇಜರ್ ಜೊತೆ ಅರ್ಧ ಗಂಟೆ, ಅವರಿಲ್ಲದೆ ತಂಡದ ಒಬ್ಬ ಸದಸ್ಯರ ಜೊತೆ ಅರ್ಧ ಗಂಟೆ ಮಾತನಾಡಲು ಅವಕಾಶ ಕೋರಿ. ‘ವಾತಾವರಣ ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂದೇ ಉತ್ತರ ಬರುತ್ತದೆ. ಕಳೆದ ಆನ್‌ಕಾಲ್ ವಾರದಲ್ಲಿ ರಾತ್ರಿ ಎಷ್ಟು ಸಲ ಎದ್ದಿರಿ, ಈ ಹುದ್ದೆ ಹೊಸದೋ ಯಾರಾದರೂ ಬಿಟ್ಟದ್ದೋ, ಕಳೆದ ಒಂದು ವರ್ಷದಲ್ಲಿ ತಂಡದಿಂದ ಯಾರು ಬಡ್ತಿ ಪಡೆದರು ಮತ್ತು ಅದಕ್ಕೆ ಕಾರಣವಾದ ಕೆಲಸ ಯಾವುದು, ಕಳೆದ ಬಾರಿ ಗಡುವು ತಪ್ಪಿದಾಗ ಏನಾಯಿತು ಎಂದು ಕೇಳಿ. ಈಚೆಗೆ ನಡೆದ ಒಂದೊಂದೇ ಘಟನೆಯ ಬಗ್ಗೆ ಕೇಳಿದಾಗ ಜನ ಸಾಮಾನ್ಯವಾಗಿ ನಿಜವನ್ನೇ ಹೇಳುತ್ತಾರೆ, ಅಥವಾ ತಡವರಿಸುತ್ತಾರೆ, ಎರಡೂ ಉಪಯುಕ್ತ. ತಂಡದ ಸದಸ್ಯರೊಡನೆ ಮಾತನಾಡಲು ಅವಕಾಶ ಕೊಡಲು ಒಪ್ಪದಿದ್ದರೆ ಅದನ್ನೂ ಒಂದು ಉತ್ತರವೆಂದು ಬರೆದಿಟ್ಟುಕೊಳ್ಳಿ. ಮನೆಯಿಂದ ಕೆಲಸದ ದಿನಗಳು, ಆನ್‌ಕಾಲ್‌ಗೆ ಪರಿಹಾರ, ಮೊದಲ ಮೌಲ್ಯಮಾಪನ ಯಾವಾಗ ಎಂಬಂತಹ ವಿಷಯಗಳಲ್ಲಿ ಮ್ಯಾನೇಜರ್ ಬಾಯಿಮಾತಿನಲ್ಲಿ ಕೊಟ್ಟ ಭರವಸೆಯನ್ನು ಅದೇ ದಿನ ಇಮೇಲ್‌ನಲ್ಲಿ ಬರೆದು ಅವರಿಂದ ಖಚಿತಪಡಿಸಿಕೊಳ್ಳಿ, ಸಾಧ್ಯವಾದರೆ ಆಫರ್ ಪತ್ರದಲ್ಲೇ ಸೇರಿಸಲು ಕೇಳಿ. ಆ ಮ್ಯಾನೇಜರ್ ಆರು ತಿಂಗಳ ನಂತರ ಬೇರೆ ತಂಡಕ್ಕೆ ಹೋಗಿರಬಹುದು; ಹೊಸದಾಗಿ ಬಂದವರು ಓದುವುದು ಆ ಪತ್ರವನ್ನು ಮಾತ್ರ.